ಹೋದ ವರ್ಷದ್ದು

ಸೋಮವಾರ, ಒಂಬತ್ತನೇ ತಾರೀಖು

ಈರುಳ್ಳಿ ಬೀಜದ ಪೊಟ್ಟಣ ಮೂರು ಸಿಕ್ಕವು. ಮೂರರ ಮೇಲೂ ಹೆಂಡತಿಯ ಕೈಬರಹದಲ್ಲಿ ಒಂದೇ ಮಾತು: "ಹೋದ ವರ್ಷದ್ದು." ಯಾವ ವರ್ಷಕ್ಕೆ ಹೋದ ವರ್ಷ? ಈರುಳ್ಳಿ ಬೀಜ ಹಳೆಯದಾದರೆ ಮೊಳೆಯುವುದಿಲ್ಲ. ಮಡಿ ಹದವಾಗಿ ಕಾಯುತ್ತಿದೆ. ಕೇಳೋಣವೆಂದರೆ ಅವಳು ತೀರಿಕೊಂಡು ನಾಲ್ಕು ತಿಂಗಳು.

ನಾದಿನಿ ನೋಡಿ ನಕ್ಕಳು. "ಅಕ್ಕ ಇದ್ದಾಗಲೂ ನಿಮಗೆ ಯಾವುದನ್ನ ಬಿಡಿಸಿ ಹೇಳಿದ್ಲು ಭಾವ? ಒಂದೊಂದರಿಂದ ಹತ್ತು ಬೀಜ ಒದ್ದೆ ಬಟ್ಟೇಲಿ ಸುತ್ತಿಡಿ. ಏಳೆಂಟು ಮೊಳೆತರೆ ಆ ಪೊಟ್ಟಣ ಬಿತ್ತಿ."

ಅಂದರೆ ಇನ್ನೂ ಒಂದು ವಾರ ಹಾಳು. ಅವಳನ್ನು ಬೈದುಕೊಳ್ಳುತ್ತಲೇ ಸುತ್ತಿಟ್ಟೆ. ಬೈಯುವಾಗ ಅವಳು ಒಳಗೆಲ್ಲೋ ಇದ್ದಾಳೆ ಅನ್ನಿಸಿತು.

ಮಧ್ಯಾಹ್ನ ಕೊತ್ತಂಬರಿ ಬೀಜ ಕಟ್ಟಿಟ್ಟಿದ್ದೆ. ಈಗ ನೋಡಿದರೆ ಅದರ ಮೇಲೆ ನಾನು ಬರೆದಿರುವುದು "ಈ ವರ್ಷದ್ದು."

ಎದ್ದು ತಿದ್ದಬೇಕು. ಪೆನ್ನು ಕೈಯಲ್ಲೇ ಇದೆ, ಆದರೂ ಹಾಗೇ ಇರಲಿ ಅನ್ನಿಸುತ್ತಿದೆ.