ಸಾಕ್ಷಿಯಲ್ಲಿ ಬಿಟ್ಟ ಮಾತು

ಕಂಪ್ಲಿ
14-11-1978

ಪ್ರೀತಿಯ ಯಜಮಾನರಿಗೆ,

ಸುವಾರ್ತಮ್ಮ ಮಾಡುವ ವಂದನೆಗಳು. ಸಂಡೂರಿನ ಗಣಿಯಲ್ಲಿ ನೀವು ಆರಾಮವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡಿ. ಕಾಲುವೆ ಕೆಳಗಿನ ಗದ್ದೆಗಳೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದಿವೆ. ಸಂಜೆ ಮನೆಗೆ ಬಂದರೆ ಪೆನ್ನು ಹಿಡಿಯಲು ಕೈ ಏಳುವುದಿಲ್ಲ.

ನೀವು ಕಳಿಸಿದ ಕಂಬಳಿ ತಲುಪಿತು. ನಿಮ್ಮ ಕೆಂಪು ಹುಂಜ ನಮ್ಮ ಮನೆಯಲ್ಲಿ ತಿಂದು, ಪಕ್ಕದ ಭರಮಮ್ಮನ ಮಾಳಿಗೆ ಮೇಲೆ ಹೋಗಿ ಕೂಗುತ್ತದೆ. ಯಾರ ಹಾಗೆಂದು ನಾನು ಹೇಳುವುದಿಲ್ಲ.

ಮೊನ್ನೆ ನಮ್ಮ ಸಭೆಯ ಅಯ್ಯನವರು ಮನೆಗೆ ಬಂದಿದ್ದರು. ಡಿಸೆಂಬರ್ ಮೊದಲ ಭಾನುವಾರದ ಆರಾಧನೆಯಲ್ಲಿ ನೀವು ಮತ್ತೆ ಸಾಕ್ಷಿ ಹೇಳುತ್ತೀರಂತೆ. “ಈ ಸಲ ನೀವೂ ಪಕ್ಕಕ್ಕ ನಿಂದ್ರಬೇಕಮ್ಮ. ‘ಕ್ಷಮಿಸೀನಿ’ ಅಂತ ಒಂದ್ ಮಾತು ಹೇಳ್ರಿ, ಸಾಕು. ಬಾಯಿ ಬಿಟ್ಟು ಹೇಳಿದ ಮಾತಿಗೆ ಭಾಳ ಶಕ್ತಿ ಐತಿ,” ಎಂದರು. ಆಗಲಿ ಎಂದುಬಿಟ್ಟೆ. ಅವರಿಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ.

ನಿಮ್ಮ ಸಾಕ್ಷಿ ನನಗೆ ಬಾಯಿಪಾಠ. ಕುಡಿದದ್ದು, ಹೆಂಡತಿಯ ಕೈ ಮುರಿದದ್ದು, ಕೊನೆಗೆ ಯೇಸು ನಿಮ್ಮ ಕೈ ಹಿಡಿದದ್ದು. ಕೈ ಮುರಿದ ಜಾಗ ಬಂದ ಕೂಡಲೇ ಹೆಂಗಸರೆಲ್ಲ ನನ್ನ ಕಡೆ ತಿರುಗುತ್ತಾರೆ, ನಾನು ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತೇನೆ. ಸಭೆಯೆಲ್ಲ “ಸ್ತೋತ್ರ!” ಎನ್ನುತ್ತದೆ. ನನಗೂ ಹೆಮ್ಮೆಯೇ. ಆಮೇಲೆ ನೀವು ಒಂದು ಹನಿ ಮುಟ್ಟಿಲ್ಲ, ನನ್ನ ಮೇಲೆ ಕೈ ಎತ್ತಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಗದ್ದೆಯಲ್ಲಿ ಈ ವಿಷಯ ತೆಗೆದರೆ ಭರಮಮ್ಮ ಕುಡುಗೋಲು ನಿಲ್ಲಿಸಿ ಕೇಳಿದಳು, “ಅಲ್ಲಬೇ, ನೀ ಕ್ಷಮಿಸೀನಿ ಅನ್ನಬೇಕಂದ್ರ ಅವ ನಿನ್ನ ಕೇಳಿರಬೇಕಲ್ಲ? ಮನ್ಯಾಗ ಏನ್ ಹೇಳ್ಯಾನ?”

“ಚಾ ಚಲೋ ಆಗೇತಿ ಅಂತಾರ,” ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ಬಂತು. ದೇವರನ್ನು ಕೇಳಿದಿರಿ, ಸಭೆಯನ್ನು ಕೇಳಿದಿರಿ. ನನ್ನನ್ನು ಕೇಳಲೇ ಇಲ್ಲ.

ಹೋದ ಭಾನುವಾರ ಅಯ್ಯನವರು ಮಾತಿನ ಶಕ್ತಿಯ ಮೇಲೆಯೇ ಬೋಧಿಸಿದರು. ನಾವು ಆಡುವ ಮಾತು ಬದುಕಿಸಲೂಬಹುದು, ಸಾಯಿಸಲೂಬಹುದು ಎಂದರು. ನಾನು ನಡುವೆಯೇ ಎದ್ದು ಹೊರಗೆ ಹೋದೆ. ಕೇಳಿದವರಿಗೆ ಕೆಮ್ಮು ಎಂದೆ.

ಗಣಿಯ ಧೂಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಭಾನುವಾರ ಬೆಳಿಗ್ಗೆ ನೇರ ಸಭೆಗೆ ಬರಬೇಡಿ, ಶನಿವಾರದ ಬಸ್ಸಿಗೇ ಮನೆಗೆ ಬನ್ನಿ. ನೀವು ಬರುವ ದಾರಿಯನ್ನು ದೇವರು ಕಾಯಲಿ.

ನಿಮ್ಮ
ಸುವಾರ್ತಮ್ಮ

ತಾ.ಕ.: ಕೈಯ ವಿಷಯವನ್ನು ನಾನು ಎಂದೋ ಬಿಟ್ಟಿದ್ದೇನೆ. ನೀವು ಸಾಕ್ಷಿಯಲ್ಲಿ ಪ್ರತಿ ಸಲ ಹೇಳದೆ ಬಿಡುವ ಮಾತು ಬೇರೆ ಇದೆ. ನಮ್ಮ ಕೂಸು ಜ್ವರದಲ್ಲಿ ಅಳುತ್ತಿತ್ತು. ನೀವು ಕುಡಿದು ಬಂದು, “ಹೆಣ್ ಕೂಸು, ಹೋದ್ರ ಹೋಗ್ಲಿ ಬಿಡು,” ಎಂದಿರಿ. ಮರುದಿನ ಮಧ್ಯಾಹ್ನ ನನ್ನ ತೊಡೆಯ ಮೇಲೆ ಹೋಯಿತು. ಜ್ವರಕ್ಕೆ ಹೋಯಿತೆಂದು ನನಗೂ ಗೊತ್ತು. ಆದರೂ ಹೋದ ಭಾನುವಾರ ನಾನು ಸಭೆಯಿಂದ ಎದ್ದು ಹೋದದ್ದು ಕೆಮ್ಮಿಗಲ್ಲ. ದೀಕ್ಷಾಸ್ನಾನ ಆಗಿರಲಿಲ್ಲವೆಂದು ಅವಳ ಹೆಸರನ್ನು ದೇವಾಲಯದಲ್ಲಿ ಯಾರೂ ಕರೆಯಲಿಲ್ಲ. ನೀವೂ ಕರೆಯಲಿಲ್ಲ. ರೂತಮ್ಮ ಎಂದು ನಾನೊಬ್ಬಳೇ ಕರೆಯುತ್ತಿದ್ದೆ. ಶನಿವಾರ ಮನೆಗೆ ಬಂದವರು ನನ್ನ ಎದುರು ಕುಳಿತು ಒಂದು ಸಲ ಆ ಹೆಸರು ಹೇಳಿ. ಆಮೇಲೆ ಭಾನುವಾರ ನಾನು ನಿಮ್ಮ ಪಕ್ಕ ನಿಲ್ಲುತ್ತೇನೆ.