ಬಲಗಾಲಿನ ಗೆಜ್ಜೆ

ನವೆಂಬರ್ 3, ಸೋಮವಾರ. ಮಧ್ಯಾಹ್ನ

ಲಾಳಿಗೆ ಹಾಕುವ ಕಂಡಿಕೆಗಳಿಗೆ ಬೆಳಗಿನ ನೂಲು ಸುತ್ತುವುದು ಮುಗಿಯಿತು. ರಾಟಿ ಬದಿಗೆ ಸರಿಸಿ ಬ್ರೈಲ್ ಸ್ಲೇಟು ತೊಡೆಯ ಮೇಲಿಟ್ಟುಕೊಂಡೆ. ಭೀಮೇಶ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಾನೆ. ಗಂಡನ ಹೆಸರು ಇಲ್ಲಿ ಹಿಡಿದೇ ಬರೆಯುತ್ತೇನೆ. ಈ ಚುಕ್ಕೆ ಓದಲು ಮನೆಯಲ್ಲಿ ಯಾರಿಗೆ ಬರುತ್ತದೆ?

ಮಗಳು ತನು ಬೆನ್ನ ಹಿಂದೆ ಇದ್ದಾಳೆ. ಗೆಜ್ಜೆ ಹೇಳುತ್ತಿದೆ. ಈಗ ಕೊಡದ ಹತ್ತಿರ... ಈಗ ಹೊಸ್ತಿಲು. ‘ತನೂ’ ಅಂದೆ. ಗೆಜ್ಜೆ ತಿರುಗಿ ಬಂತು. ಹೋದ ತಿಂಗಳು ನಡೆಯಲು ಕಲಿತವಳು, ಈಗಲೇ ಓಟ.

ನಿನ್ನೆ ರೋಣದ ಶಿಬಿರದಲ್ಲಿ ನನ್ನಂಥ ಕಣ್ಣಿಲ್ಲದವರಿಗೆ ಮಾತಾಡುವ ಕನ್ನಡಕ ಕೊಟ್ಟರು. ಮುಂದೇನಿದೆ ಅಂತ ಕೇಳಿದರೆ ಹೆಂಗಸೊಬ್ಬಳು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುತ್ತಾಳೆ. ಮನೆಗೆ ಬಂದು ಅತ್ತೆಯ ಕಡೆ ಮುಖ ಮಾಡಿ ಕೇಳಿದೆ. ಅದರ ಮಾತು ಎಲ್ಲರಿಗೂ ಕೇಳುವಂತೆ ಮೊಬೈಲಿನ ಸ್ಪೀಕರ್ ಹಾಕಿತ್ತು.

‘ನಿಮ್ಮ ಮುಂದೆ ಒಬ್ಬ ವಯಸ್ಸಾದ ಮಹಿಳೆ ಇದ್ದಾರೆ. ಅವರು ಸಿಟ್ಟಿನಲ್ಲಿರುವಂತೆ ಕಾಣುತ್ತದೆ.’

ಪಕ್ಕದ ಮನೆಯ ಮದರಬಿ ನಕ್ಕು ನಕ್ಕು ಕೆಮ್ಮಿದಳು. ‘ಇದನ್ನ ಹೇಳಾಕ ಕನ್ನಡಕ ಯಾಕ ಬೇಕ, ನೀಲಾ? ಇಡೀ ಓಣಿಗೇ ಗೊತ್ತೈತಿ!’

ಅತ್ತೆ ನಗಲಿಲ್ಲ. ಉಂಡಾದ ಮೇಲೆ ಹೇಳಿದಳು — ‘ಹದಿನಾರಕ್ಕ, ಐತಾರ, ಕಳಕವ್ವ ಬರ್ತಾಳ. ಸಾಲಿಗೆ ಹೋಗೂ ಮಟ ಕೂಸು ನರಗುಂದದಾಗ ಅಕೀ ಕಡೆ ಇರ್ಲಿ. ನಡಿಯಾಕ ಹತ್ತೇತಿ ಅದು. ಒಲಿ ಐತಿ, ನೀರಿನ ತೊಟ್ಟಿ ಐತಿ. ನನಗ ನಿದ್ದಿ ಹತ್ತವಲ್ದು.’

ಕಳಕವ್ವ ಭೀಮೇಶನ ಅಕ್ಕ. ಮಕ್ಕಳಿಲ್ಲ. ಒಳ್ಳೆಯವಳು. ಅದೇ ಹೆದರಿಕೆ. ಒಳ್ಳೆಯವರ ಕೈಯಿಂದ ಮಗುವನ್ನು ತಿರುಗಿ ಕೇಳುವುದು ಹ್ಯಾಗೆ?

‘ಅಲ್ಲೀ ತನಕ ನೋಡೂಣ ಬೇ’ ಅಂದ ಭೀಮೇಶ. ‘ಈಗ ಕನ್ನಡಕ ಬಂದೈತಲ್ಲ.’


ನವೆಂಬರ್ 5, ಬುಧವಾರ

ನಳದ ಹತ್ತಿರ ಯಾರೋ ಅಂದರಂತೆ, ನೀಲಾ ತನ್ನ ಮಗಳಿಗೆ ಆಡಿನ ಮರಿಗೆ ಗಂಟಿ ಕಟ್ಟಿದಂಗ ಕಟ್ಯಾಳ ಅಂತ. ಭೀಮೇಶನಿಗೆ ಚುಚ್ಚಿದೆ. ‘ಕನ್ನಡಕ ಇದ್ದ ಮ್ಯಾಲ ಗೆಜ್ಜಿ ಯಾಕ? ಬಿಚ್ಚಿಬಿಡು. ಅಕ್ಕ ಬಂದ್ ನೋಡ್ಲಿ.’

ಹ್ಞೂಂ ಅಂದೆ. ನನಗೂ ಜಂಭ ಬಂದಿತ್ತು. ಎಡಗಾಲಿನದು ಕೂಡಲೇ ಬಿಚ್ಚಿತು. ಬಲಗಾಲಿನ ಕೊಂಡಿ ಬಿಗಿ, ಉಗುರಿಗೆ ಬಗ್ಗುವುದಿಲ್ಲ. ಹಲ್ಲು ಹಚ್ಚಿ ಬಿಚ್ಚಿದೆ. ಅವಳ ಕಾಲು ಮೂಗಿಗೆ ಬಡಿಯಿತು.

ಸಂಜೆ ಕೇಳಿದೆ, ತನು ಎಲ್ಲಿ? ‘ಗೋಡೆಯ ಹತ್ತಿರ ಒಂದು ಮಗು ಕುಳಿತಿದೆ. ಹಳದಿ ಅಂಗಿ. ಮಗು ನಿಮ್ಮನ್ನು ನೋಡಿ ನಗುತ್ತಿದೆ.’

ಏನೂ ಸಪ್ಪಳ ಇರಲಿಲ್ಲ.

ಸಪ್ಪಳ ಮಾಡದೆಯೂ ನಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಎಷ್ಟು ಸಲ ನಕ್ಕಿದ್ದಳೋ. ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ. ಮತ್ತೆ ಕೇಳಿದೆ. ಮತ್ತೆ ಹೇಳಿತು. ಬ್ಯಾಟರಿ ಮುಗಿಯುವ ತನಕ ಕೇಳಿದೆ.


ನವೆಂಬರ್ 7, ಶುಕ್ರವಾರ

ಚುಕ್ಕೆ ಸರಿಯಾಗಿ ಬೀಳುತ್ತಿಲ್ಲ.

ಭೀಮೇಶ ನೂಲು ತರಲು ಹೋಗಿದ್ದ. ಅತ್ತೆ ಹಿಟ್ಟಿನ ಗಿರಣಿಗೆ. ನಾನು ರೊಟ್ಟಿ ತಟ್ಟುತ್ತಿದ್ದೆ. ತನು ಪಾತ್ರೆ ಬಡಿಯುತ್ತಿದ್ದಳು. ಆಮೇಲೆ ಬಡಿಯಲಿಲ್ಲ.

ಕರೆದೆ. ಬರಲಿಲ್ಲ.

ಕನ್ನಡಕವನ್ನು ಕೇಳಿದೆ. ‘ಯಾವುದೇ ವ್ಯಕ್ತಿ ಕಾಣಿಸುತ್ತಿಲ್ಲ.’ ಒಲೆಯ ಕಡೆ ತಿರುಗಿದೆ. ‘ಒಲೆ. ಹಂಚು.’ ಮಗ್ಗದ ಕಡೆ. ‘ಮಗ್ಗ. ಹಸಿರು ಸೀರೆ, ಕೆಂಪು ಅಂಚು. ಯಾವುದೇ ವ್ಯಕ್ತಿ ಕಾಣಿಸುತ್ತಿಲ್ಲ.’ ಬಾಗಿಲ ಕಡೆ. ‘ಬಾಗಿಲು ತೆರೆದಿದೆ.’

ತೆರೆದಿದೆ. ಅದೇ ತಣ್ಣನೆಯ ದನಿ, ಅಂಗಿ ಹಳದಿ ಅಂದ ದನಿ.

ಅಂಗಳಕ್ಕೆ ಓಡಿದೆ. ತೊಟ್ಟಿಯ ನೀರಿಗೆ ಭುಜದ ತನಕ ಕೈ ಹಾಕಿದೆ. ತಡಕಿದೆ. ನೀರು, ಪಾಚಿ, ಒಂದು ತಂಬಿಗೆ. ಆ ತಂಬಿಗೆ ಬೆರಳಿಗೆ ತಾಗಿದಾಗ ಏನಾಯಿತು ಅಂತ ಬರೆಯಲಾರೆ. ದುಂಡಗಿತ್ತು. ಅಷ್ಟೇ ಬರೆಯುತ್ತೇನೆ.

ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಒಳಗೆ ಬಂದು ನೆಲಕ್ಕೆ ಬಿದ್ದು, ಅಂಬೆಗಾಲಿನಲ್ಲಿ, ಅಂಗೈ ಸವರುತ್ತ ಹೋದೆ. ಮಗ್ಗದ ಬುಡದಲ್ಲಿ ನೆಲ ಮುಗಿಯಿತು. ಕುಣಿ. ಕೈ ಇಳಿಬಿಟ್ಟೆ. ಕೂದಲು ಸಿಕ್ಕಿತು.

ಕುಣಿಯೊಳಗೆ ಕೂತಿದ್ದಳು. ಒಂದು ಕಂಡಿಕೆ ಬಾಯಲ್ಲಿ ತುರುಕಿಕೊಂಡಿದ್ದಳು. ಅದಕ್ಕೇ ದನಿ ಇಲ್ಲ. ರೇಷ್ಮೆ ಎಳೆ ಕೊರಳಿಗೆ ಸುತ್ತಿತ್ತು. ನಾನೇ ಬೆಳಿಗ್ಗೆ ಸುತ್ತಿದ ಕಂಡಿಕೆ. ಬಾಯಿಂದ ಕಿತ್ತೆ, ಎಳೆಯನ್ನು ಹಲ್ಲಿನಿಂದ ಕಡಿದೆ. ಆಮೇಲೆ ಅತ್ತಳು. ಅಳು ಕೇಳಿ ಜೀವ ಬಂತು.

ಕನ್ನಡಕ ಸುಳ್ಳು ಹೇಳಲಿಲ್ಲ. ನಾನು ಎದುರಿಗೆ ಮುಖ ಮಾಡಿದ್ದೆ. ಅವಳು ನೆಲಕ್ಕಿಂತ ಕೆಳಗಿದ್ದಳು.

ಅತ್ತೆ ಬಂದಳು. ‘ಯಾಕ್ ಅಳಾಕ ಹತ್ತೇತಿ ಕೂಸು?’ ‘ಹಸಿವ್ಯಾಗೇತ್ರಿ’ ಅಂದೆ.


ನವೆಂಬರ್ 14, ಶುಕ್ರವಾರ

ವಾರವಾಯಿತು ಬರೆದು. ಕೈ ಖಾಲಿ ಇರಲಿಲ್ಲ. ತನುವನ್ನು ಕಂಕುಳಿಂದ ಇಳಿಸಿಯೇ ಇಲ್ಲ. ಕಂಡಿಕೆಯೂ ಸುತ್ತಿಲ್ಲ. ಭೀಮೇಶನ ಮಗ್ಗ ಅರ್ಧ ದಿನ ಸುಮ್ಮನೆ ನಿಲ್ಲುತ್ತದೆ.

ಗೆಜ್ಜೆ ಮತ್ತೆ ಕಟ್ಟಿದರೆ, ಕನ್ನಡಕ ಸಾಲದು ಅಂತ ನಾನೇ ಒಪ್ಪಿದ ಹಾಗೆ. ಅತ್ತೆ ಮಗುವನ್ನು ಕಳಿಸುತ್ತಾಳೆ. ಕಟ್ಟದಿದ್ದರೆ... ಕುಣಿ ಅಲ್ಲೇ ಇದೆ. ತೊಟ್ಟಿಯೂ.

ಮದರಬಿ ಹಿಡಿದು ಕೇಳಿದಳು. ‘ಕೂಸಿನ ಕಾಲು ನೆಲಾ ಮುಟ್ಟಿ ಎಷ್ಟ್ ದಿನಾ ಆತು? ಏನ್ ಅಂಜಿಕಿ ಹೊಕ್ಕೈತಿ ನಿನ್ನೊಳಗ?’

ಹೇಳಿದೆ. ಎಲ್ಲ.

ಮದರಬಿ ನನ್ನ ಕೈ ಹಿಡಿದಳು. ‘ನಂದೂ ಒಂದ್ ಕೂಸು ಹಿಂಗ ಮಗ್ಗದ ಕುಣ್ಯಾಗ ಬಿದ್ದಿತ್ತವಾ. ನನಗ ಎರಡೂ ಕಣ್ಣ ಅದಾವ. ಕಟ್ಟು ಗೆಜ್ಜಿ. ನಗಾವ್ರು ನಗ್ಲಿ.’

ಕಟ್ಟಿದೆ. ಬಲಗಾಲಿನ ಕೊಂಡಿ ಮೊದಲಿಗಿಂತ ಬಿಗಿಯಾಗಿ ಒತ್ತಿದೆ.


ನವೆಂಬರ್ 16, ಭಾನುವಾರ. ಬೆಳಿಗ್ಗೆ

ಕಳಕವ್ವ ಬಂದಿದ್ದಾಳೆ. ಕೊಬ್ಬರಿ ಎಣ್ಣೆಯ ವಾಸನೆ, ಹೊಸ ಅಂಗಿ, ಪೀಪಿ. ತನು ಓಡಿ ಹೋದಳು. ಗೆಜ್ಜೆ ಕೇಳಿ ಅತ್ತೆ ನಿಂತಳು.

‘ಮತ್ತ್ ಕಟ್ಟಿಯೇನ?’

ಸುಳ್ಳು ಬಾಯಿಗೆ ಬಂದಿತ್ತು. ನುಂಗಿದೆ. ಕುಣಿಯ ಮಾತು ಹೇಳಿದೆ, ಕಂಡಿಕೆಯದೂ. ‘ಕನ್ನಡಕಾನೂ ಬೇಕ್ರಿ ಅತ್ತಿ, ಗೆಜ್ಜಿನೂ ಬೇಕು. ಕುಣಿಗೆ ಹಲಗಿ ಮುಚ್ಚೂಣು. ತೊಟ್ಟಿಗೆ ಮುಚ್ಚಳಾ ಹಾಕಿಸೂಣು. ನನ್ ಮಗಳ್ನ ನಾನೇ ನೋಡ್ಕೋತೀನ್ರಿ.’

ಲಾಳಿ ನಿಂತಿತು. ಕನ್ನಡಕವನ್ನು ಕೇಳಬಹುದಿತ್ತು — ಅವರ ಮುಖ ಹ್ಯಾಗಿದೆ ಅಂತ. ಕೇಳಲು ಧೈರ್ಯವಾಗಲಿಲ್ಲ.

‘ಸಂಜೀಕ ಕುಂತು ಮಾತಾಡೂಣು’ ಅಂದ ಭೀಮೇಶ. ‘ನೀ ಹ್ಞೂಂ ಅನ್ನೂ ತನಕ ಕೂಸು ಎಲ್ಲೂ ಹೋಗಂಗಿಲ್ಲ.’ ಮುಗಿದ ಸೀರೆ ಕೊಡಲು ಪ್ಯಾಟಿಗೆ ಹೋದ.


ಅದೇ ದಿನ. ಮಧ್ಯಾಹ್ನ

ಅತ್ತೆ ಎಂದಿಗಿಂತ ಮೆತ್ತಗೆ ಮಾತಾಡುತ್ತಿದ್ದಾಳೆ. ‘ಒಳಗ ಹೋಗಿ ಒಂದಿಷ್ಟ್ ಮಲಕೋ ನೀಲವ್ವಾ. ಕೂಸಿನ್ನ ನಾವ್ ಆಡಸ್ತೀವಿ.’ ನನ್ನನ್ನು ಎಂದೂ ನೀಲವ್ವಾ ಅಂದವಳಲ್ಲ.

ಮಲಗಿಲ್ಲ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಕನ್ನಡಕ ಚಾರ್ಜಿಗೆ ಹಾಕಿದೆ, ಪಡಸಾಲೆಯ ಗೂಡಿನಲ್ಲಿ. ಗೆಜ್ಜೆ ಪಡಸಾಲೆಯಲ್ಲೇ ಇದೆ. ಕಂಬ... ಹೊಸ್ತಿಲು... ಮತ್ತೆ ಕಂಬ. ಪೀಪಿ. ಕಳಕವ್ವನ ನಗು.

ಒಂದು ಟಂಟಂ ಗಾಡಿ ಬಂದು ನಿಂತಿತು. ನಮ್ಮ ಬಾಗಿಲಿಗೇ. ಇಂಜಿನ್ ಆರಿಸಿಲ್ಲ.

ಯಾರದೋ ಇರಬಹುದು. ಮದರಬಿಯ ಮನೆಗೆ ನೆಂಟರು...

ಚೀಲದ ಜಿಪ್ ಎಳೆದ ಸಪ್ಪಳ.

ಗೆಜ್ಜೆ ನಿಂತಿತು. ಎತ್ತಿಕೊಂಡರೆ ಗೆಜ್ಜೆ ಗಾಳಿಯಲ್ಲಿ ಅಲುಗುತ್ತದೆ, ಹೀಗೆ ನಿಲ್ಲುವುದಿಲ್ಲ. ಯಾರೋ ಕಾಲು ಗಟ್ಟಿಯಾಗಿ ಹಿಡಿದಿದ್ದಾರೆ.

ಟಕ್. ಕೊಂಡಿ.

ಎಡಗಾಲಿನದು.

ಬಲಗಾಲಿನದು ಲಗೂ ಬಿಚ್ಚುವುದಿಲ್ಲ. ಹಲ್ಲು ಹಚ್ಚಬೇಕು ಅಂತ ಅವರಿಗೆ ಗೊತ್ತಿಲ್ಲ. ಅಷ್ಟರೊಳಗೆ ನಾನು ಬಾಗಿಲಿಗೆ