ಕತ್ತಲೆ ಹುಡುಕಿದ ಬಲ್ಬು

ಇನಾರಿ, ಜೂನ್ ೧೯. ರಾತ್ರಿ ಒಂದು ಗಂಟೆ.

ದೀಪ ಹಚ್ಚದೆ ಬರೆಯುತ್ತಿದ್ದೇನೆ. ಉತ್ತರ ಧ್ರುವದ ಹತ್ತಿರದ ಈ ಊರಲ್ಲಿ ಸೂರ್ಯ ಮುಳುಗಿಲ್ಲ, ಜುಲೈ ಕೊನೆಯ ವಾರದವರೆಗೆ ಮುಳುಗುವುದೂ ಇಲ್ಲ. ಇಂಥ ದಿನಗಳಲ್ಲಿ ಬೈಕಿಗೆ ದುಪ್ಪಟ್ಟು ಬೆಳಕಿನ ಬಲ್ಬು ಹಾಕಿದ ಪೆದ್ದ ನಾನು.

"ಕತ್ತಲಾಗೋ ಹೊತ್ತಿಗೆ ಹಿಮ ಬಿದ್ದು ಬೈಕೇ ಶೆಡ್ಡು ಸೇರಿರುತ್ತಲ್ಲೋ ಮಾರಾಯ!" ಎಂದು ಹೆಂಡತಿ ಸೈಮಿ ನಕ್ಕಳು.

ನನಗೆ ಹಟ ಹತ್ತಿತು. ಬೈಕನ್ನು ಆಲೂಗಡ್ಡೆಯ ನೆಲಮಾಳಿಗೆಗೆ ತಳ್ಳಿ, ಬಾಗಿಲು ಹಾಕಿ ಹೆಡ್‌ಲೈಟ್ ಹಚ್ಚಿದೆ. ಅಬ್ಬಾ, ಪಟ್ಟಹಗಲು! ಖುಷಿಗೆ ಅವಳನ್ನೂ ಕರೆದೆ.

"ನೋಡು, ಮೂಲೆಮೂಲೆಯೂ ಕಾಣ್ತಿದೆ!"

"ಕಾಣ್ತಿದೆ. ಏಪ್ರಿಲ್‌ನಲ್ಲೇ ಎಸೆದೆ ಅಂದಿದ್ಯಲ್ಲ, ಆ ಕೊಳೆತ ಆಲೂಗಡ್ಡೆ ತಾನೇ ಅದು?"

ಮೊಳಕೆಗಳು ಮೊಳದುದ್ದ ಬೆಳೆದಿದ್ದವು.

"ಬೆಳಗಾಗ್ಲಿ, ಎತ್ತಿ ಹಾಕ್ತೀನಿ," ಅಂದೆ.

"ಬೆಳಗಾಗೇ ಇದೆಯಲ್ಲ," ಎಂದು ಸಲಿಕೆ ಕೈಗಿತ್ತಳು.

ಹನ್ನೊಂದು ಬುಟ್ಟಿ ಹೊತ್ತೆ. ಬಲ್ಬೇನೋ ಚೆನ್ನಾಗಿದೆ, ಆದರೆ ಸೊಂಟ...